ಬದುಕಿರುವವರ ಘಟಶ್ರಾದ್ಧ

ಕೊಚ್ಚಿ ಸಂಸ್ಥಾನದಲ್ಲಿ 1905ರಲ್ಲಿ ಕುರಿಯೇಡತ್ತು ತಾತ್ರಿ ಎಂಬ ನಂಬೂದಿರಿ ಹೆಣ್ಣುಮಗಳ ಮೇಲೆ ನಡೆದ ಸ್ಮಾರ್ತವಿಚಾರವನ್ನು ಕೇರಳ ಇನ್ನೂ ಮರೆತಿಲ್ಲ. ಶೀಲದ ಬಗ್ಗೆ ಶಂಕೆ ಎದ್ದ ಕೂಡಲೇ ಹೆಣ್ಣನ್ನು ಮನೆಯವರಿಂದ ಬೇರ್ಪಡಿಸಿ ‘ಅಂಜಾಂಪುರ’ ಎಂಬ ಒಂಟಿ ಕಟ್ಟಡದಲ್ಲಿ ಕೂಡಿಹಾಕುವುದು ಆ ವಿಚಾರಣೆಯ ಮೊದಲ ಹೆಜ್ಜೆ. ಅಲ್ಲಿಗೆ ಕಾಲಿಟ್ಟ ಗಳಿಗೆಯಿಂದ ಅವಳಿಗೆ ಹೆಸರಿಲ್ಲ. ವಿಚಾರಣೆ ನಡೆಸುವ ಸ್ಮಾರ್ತನಾಗಲಿ, ಜೊತೆಗಿರುವ ಮೀಮಾಂಸಕರಾಗಲಿ ಅವಳನ್ನು ಕುರಿತು ಆಡುವಾಗ ಬಳಸುತ್ತಿದ್ದುದು ‘ಸಾಧನ’ ಎಂಬ ಮಾತು. ಮಲಯಾಳದಲ್ಲಿ ಹಾಗೆಂದರೆ ಸಾಮಾನು. ತಪ್ಪು ಸಾಬೀತಾಗುವುದಕ್ಕೆ ಇನ್ನೂ ವಾರಗಳೋ ತಿಂಗಳುಗಳೋ ಇರುತ್ತಿದ್ದವು. ಅವಳು ಮಾತ್ರ ಮೊದಲ ದಿನವೇ ಮನುಷ್ಯರ ಲೆಕ್ಕದಿಂದ ಹೊರಗೆ. ಸಾಬೀತಾದ ಮೇಲಂತೂ ಮನೆಯವರು ಉತ್ತರಕ್ರಿಯೆ ಮಾಡಿ, ಆಕೆ ಸತ್ತಳೆಂದೇ ತೀರ್ಮಾನಿಸಿ ಕೈತೊಳೆದುಕೊಳ್ಳುತ್ತಿದ್ದರು. ತಾತ್ರಿ ಸುಮ್ಮನೆ ಹೋಗಲಿಲ್ಲ, ತನ್ನ ಬಳಿ ಬಂದ ಗಂಡಸರ ಹೆಸರನ್ನೂ ಗುರುತನ್ನೂ ಒಂದೊಂದಾಗಿ ಹೇಳಿದಳು. ಅಂದಿನ ಅರಸ ರಾಮವರ್ಮ ಆಗ ಹಿಂದೆ ಇಲ್ಲದ ಒಂದು ಅವಕಾಶ ಮಾಡಿಕೊಟ್ಟ: ಹೆಸರು ಬಂದ ಗಂಡಸರು ತಮ್ಮ ವಾದವನ್ನು ಮುಂದಿಡಬಹುದು. ಆ ಪುರುಷವಿಚಾರದ ಒಂದು ಭಾಗ ಎರ್ನಾಕುಲಂ ಪಕ್ಕದ ತೃಪ್ಪೂಣಿತ್ತುರದ ಹಿಲ್ ಪ್ಯಾಲೇಸಿನಲ್ಲಿ ನಡೆಯಿತು. ಕೊನೆಗೆ 60ಕ್ಕೂ ಹೆಚ್ಚು ಗಂಡಸರು ಭ್ರಷ್ಟರಾಗಿ ಜಾತಿಯಿಂದ ಹೊರಬಿದ್ದರು. ಆದರೂ ಬಾಯಿ ತೆರೆಯುವ ಹಕ್ಕಾದರೂ ಅವರಿಗೆ ಸಿಕ್ಕಿತ್ತು.

ಬದುಕಿರುವವರಿಗೆ ಮಾಡುವ ಆ ಉತ್ತರಕ್ರಿಯೆಯ ಹೆಸರು ಕನ್ನಡಿಗರಿಗೆ ಅನಂತಮೂರ್ತಿಯವರ ಕಥೆಯಿಂದ, ಅದಕ್ಕಿಂತ ಹೆಚ್ಚಾಗಿ 1977ರ ಗಿರೀಶ ಕಾಸರವಳ್ಳಿಯವರ ಸಿನಿಮಾದಿಂದ ಗೊತ್ತು: ಘಟಶ್ರಾದ್ಧ. ಉಸಿರಾಡುತ್ತಿರುವ ಮಗಳಿಗೆ ತಂದೆಯೇ ಮಾಡುವ ಶ್ರಾದ್ಧ. ಇದರ ಬೇರು ಧರ್ಮಶಾಸ್ತ್ರದಲ್ಲಿದೆ. ಪತಿತನಾದವನ ಬಂಧುಗಳು ಅಶುಭ ದಿನದ ಸಂಜೆ ಊರ ಹೊರಗೆ ಸೇರಿ, ಸತ್ತವನಿಗೆ ಬಿಡುವಂತೆ ನೀರು ಬಿಡಬೇಕು. ದಾಸಿಯೊಬ್ಬಳು ತುಂಬಿದ ಗಡಿಗೆಯನ್ನು ಕಾಲಿನಿಂದ ಒದ್ದು ಉರುಳಿಸಬೇಕು. ಅಲ್ಲಿಂದ ಅವನೊಡನೆ ಮಾತಿಲ್ಲ, ಪಾಲಿಲ್ಲ, ಪಂಕ್ತಿಯಿಲ್ಲ. ಇಷ್ಟನ್ನು ಹೇಳುವ ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯ ಅಲ್ಲಿಗೇ ನಿಲ್ಲುವುದಿಲ್ಲ ಎಂಬುದು ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಪ್ರಾಯಶ್ಚಿತ್ತ ಮುಗಿಸಿ ಬಂದವನ ಜೊತೆಗೆ ಅದೇ ಬಂಧುಗಳು ಪುಣ್ಯಜಲದಲ್ಲಿ ಮುಳುಗಿ, ನೀರು ತುಂಬಿದ ಹೊಸ ಗಡಿಗೆಯನ್ನು ಎಸೆದು, ಅವನನ್ನು ಒಳಗೆ ಕರೆದುಕೊಳ್ಳಬೇಕು. ಪತಿತಳಾದ ಹೆಣ್ಣಿಗೂ ಅನ್ನ, ಬಟ್ಟೆ, ಮನೆಯ ಹತ್ತಿರ ಒಂದು ನೆಲೆ ಕೊಡಬೇಕು. ಸಮಾನತೆಯ ಮಾತಾಡಲು ಹೊರಟು ಮನುವನ್ನು ಸಾಕ್ಷಿಗೆ ಕರೆಯುವುದು ನನಗೂ ಇರುಸುಮುರುಸಿನ ಕೆಲಸವೇ. ಆದರೆ ಈ ಸಾಕ್ಷಿ ಹೇಳುವ ಒಂದು ವಿಷಯ ಉಪಯುಕ್ತ. ದಂಡ ಬೇರೆ, ಬಹಿಷ್ಕಾರ ಬೇರೆ. ದಂಡ ಮಾಡಿದ ಕೆಲಸಕ್ಕೆ ತಗಲುವಂಥದ್ದು, ಅದಕ್ಕೆ ಅಳತೆ ಇದೆ, ಕೊನೆ ಇದೆ. ಬಹಿಷ್ಕಾರ ಮನುಷ್ಯನ ಮೈಗೇ ಅಂಟುತ್ತದೆ. ಅದು ಅವನು ಏನು ಮಾಡಿದ ಎಂದು ಕೇಳುವುದಕ್ಕಿಂತ ಅವನ ಮೈಲಿಗೆ ನಮಗೆ ತಾಗೀತೇ ಎಂದು ಕೇಳುತ್ತದೆ.

1951ರ ಪ್ರಜಾಪ್ರತಿನಿಧಿ ಕಾಯ್ದೆಯ 62ನೇ ಕಲಂನ 5ನೇ ಉಪಕಲಂ ಈ ಎರಡರಲ್ಲಿ ಯಾವ ಜಾತಿಗೆ ಸೇರಿದ್ದು ಎಂಬುದೇ ಇಲ್ಲಿನ ಪ್ರಶ್ನೆ. ಅದು ಹೇಳುವುದು ಇಷ್ಟು: ಶಿಕ್ಷೆಯಾಗಿಯೋ ಬೇರೆ ಯಾವುದೇ ಕಾರಣದಿಂದಲೋ ಜೈಲಿನಲ್ಲಿರುವವನು, ಅಥವಾ ಪೊಲೀಸರ ಕಾನೂನುಬದ್ಧ ವಶದಲ್ಲಿರುವವನು, ಯಾವ ಚುನಾವಣೆಯಲ್ಲೂ ಮತ ಹಾಕುವಂತಿಲ್ಲ. ಈ ವಾಕ್ಯದಲ್ಲಿ ಅಪರಾಧ ಎಂಬ ಪದವೇ ಇಲ್ಲ. ಕೊಲೆಯೋ ಜೇಬುಗಳ್ಳತನವೋ ಎಂಬ ಭೇದವಿಲ್ಲ, ಸಾಬೀತಾಗಿದೆಯೋ ಇಲ್ಲವೋ ಎಂಬ ಗೊಡವೆಯಿಲ್ಲ, ಯಾವ ನ್ಯಾಯಾಧೀಶನೂ ಈ ಹಕ್ಕನ್ನು ಕಿತ್ತುಕೊಳ್ಳಿ ಎಂದು ಬರೆದಿರುವುದಿಲ್ಲ. ಕಾನೂನು ನೋಡುವುದು ಒಂದನ್ನೇ: ಮತದಾನದ ದಿನ ದೇಹ ಎಲ್ಲಿದೆ. ಕಾಕ್ಕನಾಡಿನ ಜಿಲ್ಲಾ ಜೈಲಿನ ಗೋಡೆಯ ಆಚೆಗಿದ್ದರೆ ಮತದಾರ, ಈಚೆಗಿದ್ದರೆ ‘ಸಾಧನ’. ಹಿಂದಿನ ಸಂಜೆ ಕುಡಿದು ಗಲಾಟೆ ಮಾಡಿದನೆಂದು ಠಾಣೆಗೆ ಎಳೆದೊಯ್ದವನ ಮತವೂ ಈ ಕಲಂನ ಲೆಕ್ಕದಲ್ಲಿ ಹೋದ ಹಾಗೆಯೇ. ಸಂವಿಧಾನದ 326ನೇ ವಿಧಿ ವಯಸ್ಕರೆಲ್ಲರಿಗೂ ಮತ ಕೊಟ್ಟು, ಅದನ್ನು ಕಿತ್ತುಕೊಳ್ಳಲು ಶಾಸಕಾಂಗಕ್ಕೆ ಬಿಟ್ಟ ಕಾರಣಗಳು ಕೆಲವೇ: ವಾಸವಿಲ್ಲದಿರುವುದು, ಬುದ್ಧಿಭ್ರಮಣೆ, ಅಪರಾಧ, ಚುನಾವಣಾ ಅಕ್ರಮ. ಅಲ್ಲಿ ಬರೆದಿರುವುದು ಅಪರಾಧ ಎಂದು. ಆಪಾದನೆ ಎಂದು ಬರೆದಿಲ್ಲ.

ಆದರೂ ಈ ಕಲಂ ಮುಖ್ಯವಾಗಿ ಹೊಡೆಯುವುದು ಆಪಾದಿತರನ್ನೇ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ನಾಲ್ವರಲ್ಲಿ ಮೂವರು. ಕಾನೂನಿನ ಕಣ್ಣಿನಲ್ಲಿ ಇವರೆಲ್ಲ ನಿರಪರಾಧಿಗಳು. ಇನ್ನೊಂದು ಬದಿಯಲ್ಲಿ, ತಪ್ಪಿತಸ್ಥನೆಂದು ತೀರ್ಪಾಗಿ, ಮೇಲ್ಮನವಿ ಹಾಕಿ, ಶಿಕ್ಷೆ ಅಮಾನತಾಗಿ ಜಾಮೀನಿನ ಮೇಲೆ ಹೊರಬಂದವನು ಮತಗಟ್ಟೆಯಲ್ಲಿ ಸಾಲು ನಿಂತು, ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬರಬಹುದು; ಅವನನ್ನು ತಡೆಯಲು ಈ ಕಲಂನಲ್ಲಿ ಏನೂ ಇಲ್ಲ. ಹಾಗಾದರೆ ಮತ ಉಳಿಸುವುದೂ ಕಳೆಯುವುದೂ ಯಾವುದು? ಎಷ್ಟೋ ಸಲ ಶ್ಯೂರಿಟಿಗೆ ನಿಲ್ಲುವ ಒಬ್ಬ ಆಸ್ತಿವಂತ, ಅವನ ಕೈಯಲ್ಲಿರುವ ಒಂದು ಕಂದಾಯ ರಶೀದಿ. 1904ರಲ್ಲಿ ತಿರುವನಂತಪುರದಲ್ಲಿ ಶ್ರೀಮೂಲಂ ಪ್ರಜಾಸಭೆ ಶುರುವಾದಾಗ ಅಲ್ಲಿ ಪ್ರಜೆಗಳ ಪರವಾಗಿ ಕೂತವರು ಭೂಕಂದಾಯ ಕಟ್ಟುವ ಹಿಡುವಳಿದಾರರು ಮತ್ತು ವರ್ತಕರು. ಆಸ್ತಿ ಇದ್ದವನಿಗೇ ರಾಜ್ಯದ ಹಿತಾಹಿತ ಗೊತ್ತು ಎಂಬ ಆ ಕಾಲದ ನಂಬಿಕೆಯನ್ನು ನಾವು 1950ರಲ್ಲಿ ಹೂತೆವು. ಅದು ಜಾಮೀನು ಪತ್ರದ ರೂಪದಲ್ಲಿ ಜೈಲಿನ ಗೇಟಿನ ಬಳಿ ಮತ್ತೆ ಎದ್ದು ಕೂತಿದೆ.

ಇದನ್ನು ಒಬ್ಬ ಮನುಷ್ಯನ ಬದುಕಿನಲ್ಲಿ ಇಟ್ಟು ನೋಡುವುದಾದರೆ ಕೇರಳದವರಿಗೂ ಕರ್ನಾಟಕದವರಿಗೂ ಗೊತ್ತಿರುವ ಹೆಸರೊಂದಿದೆ. ಕೇರಳದ ಪಿಡಿಪಿ ಪಕ್ಷದ ನಾಯಕ ಅಬ್ದುಲ್ ನಾಸಿರ್ ಮದನಿ 1998ರ ಮಾರ್ಚ್ 31ರಂದು ಬಂಧಿತರಾದರು; ಕೊಯಮತ್ತೂರು ಸ್ಫೋಟ ಪ್ರಕರಣದಲ್ಲಿ ಜಾಮೀನು ಸಿಗದೆ 9 ವರ್ಷಕ್ಕೂ ಹೆಚ್ಚು ಕಾಲ ವಿಚಾರಣಾಧೀನ ಕೈದಿಯಾಗಿದ್ದರು; 2007ರ ಆಗಸ್ಟ್ 1ರಂದು ನ್ಯಾಯಾಲಯ ಅವರನ್ನು ನಿರ್ದೋಷಿ ಎಂದು ಬಿಟ್ಟಿತು. ನಡುವೆ 1999 ಮತ್ತು 2004ರ ಲೋಕಸಭಾ ಚುನಾವಣೆಗಳು, 2001 ಮತ್ತು 2006ರ ಕೇರಳ ವಿಧಾನಸಭಾ ಚುನಾವಣೆಗಳು ಬಂದುಹೋದವು. 2006ರ ಮಾರ್ಚಿನಲ್ಲಂತೂ ಕೇರಳ ವಿಧಾನಸಭೆ, ಆಳುವ ಮತ್ತು ವಿರೋಧಿ ರಂಗಗಳೆರಡೂ ಕೂಡಿ, ಅವರ ಬಿಡುಗಡೆಗೆ ಸರ್ವಾನುಮತದ ನಿರ್ಣಯ ಮಾಡಿತು. ಚುನಾವಣೆ ಹೊಸ್ತಿಲಲ್ಲಿತ್ತು, ಆ ಹೆಸರಿಗೆ ಮತಗಳಿದ್ದವು. ಅವರ ಹೆಸರಿನಿಂದ ಮತ ಕೇಳಲು ಅಡ್ಡಿಯಿರಲಿಲ್ಲ, ಅವರು ಮತ ಹಾಕಲು ಮಾತ್ರ ಇತ್ತು. ಆಮೇಲೆ ಬೆಂಗಳೂರು ಸ್ಫೋಟ ಪ್ರಕರಣದಲ್ಲಿ 2010ರ ಆಗಸ್ಟಿನಲ್ಲಿ ಬಂಧಿತರಾಗಿ 2014ರ ಜುಲೈವರೆಗೆ ಪರಪ್ಪನ ಅಗ್ರಹಾರದಲ್ಲಿದ್ದರು. ಅಲ್ಲಿಗೆ ಇನ್ನೆರಡು ದೊಡ್ಡ ಚುನಾವಣೆ ಕಳೆದವು. ಅವರ ರಾಜಕಾರಣದ ಬಗ್ಗೆ, ಭಾಷಣಗಳ ಬಗ್ಗೆ ನನಗೆ ಒಳ್ಳೆಯ ಮಾತೇನೂ ಇಲ್ಲ. ಅದು ಇಲ್ಲಿ ಮುಖ್ಯವೂ ಅಲ್ಲ. ನಿರ್ದೋಷಿ ಎಂಬ ತೀರ್ಪು ಬಂದ ದಿನ ಕಳೆದ ವರ್ಷಗಳನ್ನು ಮರಳಿ ಕೊಡಲಾಗದು ಎಂದು ಎಲ್ಲರೂ ಮರುಗುತ್ತಾರೆ. ಆ ವರ್ಷಗಳ ಜೊತೆಗೆ ಹೋದ ನಾಲ್ಕು ಮತಗಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣೆ.

ಕಲಂಗೆ ಒಂದು ವಿನಾಯಿತಿ ಇದೆ, ಅದು ಇಡೀ ಕಟ್ಟಡದ ಬಿರುಕನ್ನು ತೋರಿಸಿಕೊಡುತ್ತದೆ. ಮುಂಜಾಗ್ರತಾ ಬಂಧನದಲ್ಲಿ ಇರುವವರಿಗೆ ಈ ನಿಷೇಧ ಇಲ್ಲ. ಅವರು ಅಂಚೆ ಮೂಲಕ ಮತ ಹಾಕಬಹುದು. ವಿಚಾರಣೆಯೂ ಬೇಡ, ಇವನು ಹೊರಗಿದ್ದರೇ ಅಪಾಯ ಎಂದು ಸರ್ಕಾರ ಹೆದರಿ ಒಳಗಿಟ್ಟವನಿಗೆ ಮತ ಇದೆ; ಸೈಕಲ್ ಕದ್ದನೆಂಬ ಆಪಾದನೆ ಹೊತ್ತು, ಶ್ಯೂರಿಟಿ ಸಿಗದೆ ಕೂತವನಿಗೆ ಇಲ್ಲ. ಯಾಕೆ ಈ ಏರ್ಪಾಡು? ಸರ್ಕಾರ ವಿರೋಧಿಗಳನ್ನು ಒಳಗೆ ಹಾಕಿ ಚುನಾವಣೆ ಗೆಲ್ಲಬಾರದು ಎಂಬ ಎಚ್ಚರ ಇದರ ಹಿಂದಿದೆ ಎಂದೇ ತೋರುತ್ತದೆ. ಆ ಎಚ್ಚರ ಎಷ್ಟು ಸರಿ ಎಂಬುದಕ್ಕೆ ಕೇರಳಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 1964ರ ಕೊನೆಯಲ್ಲಿ ಸಿಪಿಎಂ ನಾಯಕರನ್ನೂ ಕಾರ್ಯಕರ್ತರನ್ನೂ ಭಾರತ ರಕ್ಷಣಾ ನಿಯಮಗಳಡಿ ಸಾಲುಸಾಲಾಗಿ ಬಂಧಿಸಲಾಯಿತು. 1965ರ ಮಾರ್ಚಿನ ವಿಧಾನಸಭಾ ಚುನಾವಣೆಯಲ್ಲಿ ಆ ಪಕ್ಷ 40 ಸ್ಥಾನ ಗೆದ್ದು ಎಲ್ಲರಿಗಿಂತ ದೊಡ್ಡ ಪಕ್ಷವಾಯಿತು. ಗೆದ್ದವರಲ್ಲಿ ಬಹುಪಾಲು ಮಂದಿ ಜೈಲಿನಲ್ಲೇ ಇದ್ದರು. ಯಾರಿಗೂ ಬಹುಮತವಿಲ್ಲವೆಂದು ಆ ವಿಧಾನಸಭೆ ಒಮ್ಮೆಯೂ ಸೇರದೆ ವಿಸರ್ಜನೆಯಾಯಿತು, ಅದು ಬೇರೆ ಕಥೆ. ಇದೇ ಎಚ್ಚರ ಇನ್ನೊಂದು ಹೆಜ್ಜೆ ಮುಂದೆ ಯಾಕೆ ಹೋಗಬಾರದು? ವಿರೋಧಿಯನ್ನು ಒಳಗೆ ಹಾಕಲು ಸರ್ಕಾರಕ್ಕೆ ಮುಂಜಾಗ್ರತಾ ಕಾಯ್ದೆಯೇ ಬೇಕೆಂದಿಲ್ಲ, ಒಂದು ಎಫ್ಐಆರ್ ಸಾಕು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ತುರ್ತುಪರಿಸ್ಥಿತಿಯಲ್ಲಿ ಬರೋಡಾ ಡೈನಮೈಟ್ ಪ್ರಕರಣದ ಆರೋಪಿಯಾಗಿ ಜೈಲಿನಲ್ಲಿದ್ದುಕೊಂಡೇ 1977ರಲ್ಲಿ ಮುಜಫ್ಫರಪುರದಿಂದ 3 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಲಕ್ಷಾಂತರ ಜನ ಅವರಿಗೆ ಮತ ಹಾಕಬಹುದಾಗಿತ್ತು, ಅವರು ಮಾತ್ರ ತಮಗೇ ಒಂದು ಹಾಕಿಕೊಳ್ಳುವಂತಿರಲಿಲ್ಲ. 2024ರಲ್ಲೂ ತಿಹಾರಿನಲ್ಲಿದ್ದ ವಿಚಾರಣಾಧೀನ ಕೈದಿ ಎಂಜಿನಿಯರ್ ರಶೀದ್ ಬಾರಾಮುಲ್ಲಾದಿಂದ ಗೆದ್ದದ್ದು ಹಾಗೆಯೇ.

ಈ ವಿಡಂಬನೆ ಪಾರ್ಲಿಮೆಂಟಿಗೆ ಗೊತ್ತಿಲ್ಲದ್ದೇನಲ್ಲ. 2013ರ ಜುಲೈ 10ರಂದು ಸುಪ್ರೀಂ ಕೋರ್ಟ್ ಎರಡು ತೀರ್ಪು ಕೊಟ್ಟಿತು. ಒಂದು, ಕೇರಳ ಮೂಲದ ವಕೀಲೆ ಲಿಲಿ ಥಾಮಸ್ ಅವರ ಅರ್ಜಿಯ ಮೇಲೆ: ಶಿಕ್ಷೆಯಾದ ಶಾಸಕರು, ಸಂಸದರು ಕೂಡಲೇ ಅನರ್ಹ. ಇನ್ನೊಂದು ಪಟ್ನಾ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿದದ್ದು: ಜೈಲಿನಲ್ಲಿದ್ದು ಮತ ಹಾಕಲಾಗದವನು ಚುನಾವಣೆಗೂ ನಿಲ್ಲಲಾಗದು. ಎರಡನೆಯದನ್ನು ಮಗುಚಲು ಪಾರ್ಲಿಮೆಂಟು ತಿಂಗಳುಗಳಲ್ಲೇ ತಿದ್ದುಪಡಿ ತಂದಿತು. ಜೈಲಿನಲ್ಲಿದ್ದರೂ ಪಟ್ಟಿಯಲ್ಲಿ ಹೆಸರಿರುವವನು ಮತದಾರನೇ, ಆದ್ದರಿಂದ ಸ್ಪರ್ಧಿಸಬಹುದು, ಆದರೆ ಮತ ಹಾಕುವಂತಿಲ್ಲ ಎಂದು ಬರೆದು ಮುಗಿಸಿತು. ಅಭ್ಯರ್ಥಿಯ ಹಕ್ಕು ಕಾಪಾಡಲು ಇಷ್ಟು ಲಗುಬಗೆ. ಮತದಾರನ ಹಕ್ಕಿಗೆ ಅದೇ ವಾಕ್ಯದಲ್ಲಿ ಒಂದು ಅರ್ಧವಿರಾಮ ಹಾಕಿ ತಿರುಗಿಸಲು ಬಿಡುವಾಗಲಿಲ್ಲ. ರಾಜಕಾರಣ ಅಪರಾಧಿಗಳ ಪಾಲಾಗದಿರಲಿ ಎಂಬುದು 1997ರ ಅನುಕೂಲ ಚಂದ್ರ ಪ್ರಧಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಲಂ ಎತ್ತಿಹಿಡಿಯಲು ಕೊಟ್ಟ ಕಾರಣಗಳಲ್ಲಿ ಒಂದು. ಅಭ್ಯರ್ಥಿಗೆ ಬಾಗಿಲು ತೆರೆದಿಟ್ಟು ಮತದಾರನಿಗೆ ಅಗುಳಿ ಹಾಕಿದ ಮೇಲೆ ಆ ಕಾರಣದಲ್ಲಿ ಉಳಿದಿರುವುದೇನು ಎಂದು ನನಗೆ ತಿಳಿಯದು.

ಅದೇ ತೀರ್ಪಿನ ಇನ್ನೊಂದು ಕಾರಣ ವ್ಯವಸ್ಥೆಯದು: ಇಷ್ಟು ಜನರಿಗೆ ಮತದಾನದ ಏರ್ಪಾಡು ಮಾಡಲು ಪೊಲೀಸರೆಲ್ಲಿ, ಸಾಧನಸಾಮಗ್ರಿ ಎಲ್ಲಿ? ಈ ಮಾತನ್ನು ಎರ್ನಾಕುಲಂ ಜಿಲ್ಲೆಯಲ್ಲಿ ನಿಂತು ಹೇಳುವುದು ಕಷ್ಟ. ದೇಶದಲ್ಲೇ ಮೊದಲು ಎಲೆಕ್ಟ್ರಾನಿಕ್ ಮತಯಂತ್ರ ಇಟ್ಟದ್ದು ಈ ಜಿಲ್ಲೆಯ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ, 1982ರ ಮೇ 19ರಂದು. ಅದಕ್ಕೆ ಕಾನೂನಿನ ಬೆಂಬಲ ಇರಲಿಲ್ಲವೆಂದು ಸುಪ್ರೀಂ ಕೋರ್ಟ್ 1984ರಲ್ಲಿ ಆ ಮತಗಟ್ಟೆಗಳಲ್ಲಿ ಕಾಗದದ ಮತಪತ್ರದಿಂದ ಮತ್ತೆ ಚುನಾವಣೆ ಮಾಡಿಸಿತು, ಫಲಿತಾಂಶವೂ ಬದಲಾಯಿತು. ಆಗ ಯಂತ್ರಕ್ಕೆ ಕಾನೂನು ಬದಲಾಯಿತೇ ಹೊರತು ಯಂತ್ರವನ್ನು ಯಾರೂ ಬಿಸಾಡಲಿಲ್ಲ. 2020ರ ಡಿಸೆಂಬರಿನ ಸ್ಥಳೀಯ ಸಂಸ್ಥೆ ಚುನಾವಣೆಯಲ್ಲಿ ಕೇರಳದ ಅಧಿಕಾರಿಗಳು ಪಿಪಿಇ ಕಿಟ್ ತೊಟ್ಟು ಕೋವಿಡ್ ರೋಗಿಗಳ ಮತ್ತು ಕ್ವಾರಂಟೈನಿನಲ್ಲಿದ್ದವರ ಬಾಗಿಲಿಗೆ ಮತಪತ್ರ ಒಯ್ದರು. 2021ರಲ್ಲಿ 80 ದಾಟಿದವರ ಮನೆಗೂ ಹೋದರು. ಸೋಂಕಿತನ ಕೋಣೆಗೆ ಹೋಗಬಲ್ಲ ಮತಪತ್ರ ಜೈಲಿಗೆ ಹೋಗಲಾರದು ಎಂದರೆ ನಂಬುವುದು ಹೇಗೆ? ಕೈದಿಗಳ ಪಟ್ಟಿ ಪಕ್ಕಾ ಇದೆ, ವಿಳಾಸ ಬದಲಾಗುವುದಿಲ್ಲ, ಕಾವಲು ಆಗಲೇ ಇದೆ, ದಿನಕ್ಕೆ ಹಲವು ಸಲ ಎಣಿಕೆ ನಡೆಯುತ್ತದೆ. ಮತದಾರರನ್ನು ಇಷ್ಟು ಸುಲಭವಾಗಿ ಪತ್ತೆ ಹಚ್ಚಬಹುದಾದ ಜಾಗ ಇನ್ನೊಂದಿಲ್ಲ. ಮುಂಜಾಗ್ರತಾ ಬಂದಿಗಳಿಗಾಗಿ ಅಂಚೆ ಮತದ ನಿಯಮವೂ ಸಿದ್ಧವಿದೆ. ನೆರೆಯ ಪಾಕಿಸ್ತಾನದ 2017ರ ಚುನಾವಣಾ ಕಾಯ್ದೆಯಲ್ಲೂ ಸೆರೆಯಲ್ಲಿರುವವರಿಗೆ ಅಂಚೆ ಮತ ಇದೆ.

ವ್ಯವಸ್ಥೆಯ ಆಕ್ಷೇಪದಲ್ಲಿ ಒಂದು ಎಳೆ ಮಾತ್ರ ಗಟ್ಟಿಯಾದದ್ದು, ಅದನ್ನು ತಳ್ಳಿಹಾಕಲಾರೆ. ಜೈಲಿನೊಳಗೆ ಮತ ಗುಟ್ಟಾಗಿ ಉಳಿದೀತೇ? ವಾರ್ಡರನ ಕಣ್ಣು, ಬ್ಯಾರಕ್ಕಿನ ದಾದಾಗಿರಿ, ಹೊರಗಿನ ಪಕ್ಷದ ಕೈ. ಕಣ್ಣೂರಿನ ಸೆಂಟ್ರಲ್ ಜೈಲಿನಲ್ಲಿ ಪಕ್ಷಕ್ಕೊಂದರಂತೆ ಕೈದಿಗಳನ್ನು ಬೇರೆ ಬೇರೆ ಬ್ಲಾಕಿನಲ್ಲಿ ಇಡಬೇಕಾದ ಸ್ಥಿತಿ ಕೇರಳಕ್ಕೆ ಹೊಸದಲ್ಲ. ಆದರೆ ಈ ಭಯದ ಉತ್ತರ ಮತಗಟ್ಟೆಯನ್ನು ಭದ್ರ ಮಾಡುವುದೇ ಹೊರತು ಮತವನ್ನು ರದ್ದು ಮಾಡುವುದಲ್ಲ. ಜಮೀನ್ದಾರ ಒಕ್ಕಲಿನವರನ್ನು ಟ್ರಾಕ್ಟರಿನಲ್ಲಿ ತುಂಬಿಕೊಂಡು ಬಂದು ಮತ ಹಾಕಿಸುತ್ತಿದ್ದ ಕಾಲದಲ್ಲಿ ನಾವು ಒಕ್ಕಲಿನವರ ಹೆಸರು ಹೊಡೆದುಹಾಕಲಿಲ್ಲ. ಇನ್ನು ತಿರುವನಂತಪುರದ ಪೂಜಪ್ಪುರ ಜೈಲಿನ ಕೈದಿಗಳೆಲ್ಲ ಒಂದಾಗಿ ಆ ವಾರ್ಡಿನ ಫಲಿತಾಂಶ ತಿರುಗಿಸಿಬಿಟ್ಟಾರು ಎಂಬ ಚಿಂತೆಗೆ ಉತ್ತರ ಸುಲಭ: ಅಂಚೆ ಮತ ಅವರವರ ಊರಿನ ಕ್ಷೇತ್ರಕ್ಕೇ ಹೋಗುತ್ತದೆ.

ಇಲ್ಲಿಯವರೆಗೆ ವಿಚಾರಣಾಧೀನರ ಮಾತಾಯಿತು. ಅದು ಗೆಲ್ಲಲು ಸುಲಭದ ವಾದ. ಕಷ್ಟದ್ದು ಸಜಾ ಆದವನ ವಿಷಯ. ಅವನ ಸ್ಥಿತಿಗೆ ಅವನ ನಡತೆಯೇ ಕಾರಣ, ಹೊರಗಿರುವವನ ಜೊತೆ ಸಮಾನತೆ ಕೇಳಲಾರ ಎಂದು 1997ರ ತೀರ್ಪು ಹೇಳಿತು. ಮಾಡಿದ್ದುಣ್ಣೋ ಮಾರಾಯ ಎಂಬ ನಮ್ಮ ಕರ್ಮದ ಮಾತೂ ಅದೇ ದಾರಿಯದು. ಕಾನೂನು ಮುರಿದವನಿಗೆ ಕಾನೂನು ಮಾಡುವವರನ್ನು ಆರಿಸುವ ಹಕ್ಕು ಯಾಕೆ? ಕೇರಳದ ರಾಜಕೀಯ ನಾಯಕ ಟಿ.ಪಿ. ಚಂದ್ರಶೇಖರನ್ ಅವರನ್ನು 2012ರ ಮೇ 4ರ ರಾತ್ರಿ ಕೊಚ್ಚಿ ಕೊಂದವರಿಗೆ ಪೆರೋಲ್ ಸಿಕ್ಕಾಗಲೆಲ್ಲ ಕೇರಳ ಕುದಿಯುತ್ತದೆ; ಅಂಥವರ ಕೈಗೆ ಮತಪತ್ರ ಕೊಡಿ ಎಂದು ಯಾವ ಬಾಯಿಂದ ಹೇಳುವುದು? ತತ್ವವೊಂದು ಪರೀಕ್ಷೆಗೆ ಬೀಳುವುದು ಇಂಥವರ ಮುಂದೆಯೇ, ನಿರ್ದೋಷಿಗಳ ಮುಂದಲ್ಲ. ಆದ್ದರಿಂದ ನೇರವಾಗಿ ಉತ್ತರಿಸಬೇಕು. ಕರ್ಮ ಸಿದ್ಧಾಂತ ಹೇಳುವುದು ಮಾಡಿದ್ದಕ್ಕೆ ಫಲ ಉಂಟು ಎಂದು. ಆ ಫಲಕ್ಕೆ ಮೇಲೊಂದಿಷ್ಟು ನೀನು ಸೇರಿಸು ಎಂದು ಅದು ಯಾರಿಗೂ ಅಧಿಕಾರ ಕೊಟ್ಟಿಲ್ಲ. ದಂಡನೀತಿಯ ಹಳೆಯ ಮಾತಂತೂ ಇನ್ನೂ ಸ್ಪಷ್ಟ. ರಾಜದಂಡವನ್ನು ಉಂಡವನು ಪಾಪ ಕಳೆದುಕೊಂಡು, ಒಳ್ಳೆಯದನ್ನು ಮಾಡಿದವರಂತೆಯೇ ನಿರ್ಮಲನಾಗುತ್ತಾನೆ ಎಂಬುದು ಮನುಸ್ಮೃತಿಯ ಎಂಟನೆಯ ಅಧ್ಯಾಯದ ನಿಲುವು. ಅದೇ ಅಧ್ಯಾಯ ವರ್ಣ ನೋಡಿ ದಂಡ ಅಳೆಯುತ್ತದೆ, ಅದನ್ನು ಒಪ್ಪಲಾರೆ. ಆದರೆ ದಂಡವೇ ತೊಳೆಯುವ ನೀರು ಎಂಬ ಕಲ್ಪನೆಯಲ್ಲಿ ಒಂದು ಘನತೆಯಿದೆ. ಜರ್ಮನಿಯ ಹೆಗೆಲ್ ಬೇರೆ ದಾರಿಯಿಂದ ಬಂದು ಹತ್ತಿರದ ಜಾಗಕ್ಕೇ ಮುಟ್ಟಿದ: ಶಿಕ್ಷಿಸುವುದೆಂದರೆ ಅಪರಾಧಿಯನ್ನು ವಿವೇಕವುಳ್ಳವನೆಂದು ಗೌರವಿಸಿದಂತೆ, ಹುಲಿಗೆ ಶಿಕ್ಷೆ ಕೊಡುವುದಿಲ್ಲ, ಕಟ್ಟಿಹಾಕುತ್ತೇವೆ. ನಿನಗೆ ಬುದ್ಧಿಯಿತ್ತು, ಆಯ್ಕೆಯಿತ್ತು, ಆದ್ದರಿಂದ ನೀನು ಹೊಣೆ ಎಂದು ಒಬ್ಬನಿಗೆ 14 ವರ್ಷ ಜೈಲು ವಿಧಿಸಿ, ಮರುಗಳಿಗೆ ನೀನು ಆಯ್ಕೆ ಮಾಡಲು ಯೋಗ್ಯನಲ್ಲ ಎನ್ನುವುದು ಒಂದೇ ಬಾಯಲ್ಲಿ ಎರಡು ಮಾತು.

ಕಾನೂನು ಮುರಿದವನಿಗೆ ಕಾನೂನಿನಲ್ಲಿ ಪಾಲಿಲ್ಲ ಎಂಬ ವಾದದ ಮೂಲ ತಪ್ಪು ಮತವನ್ನು ಸಚ್ಚಾರಿತ್ರ್ಯದ ಬಹುಮಾನ ಎಂದುಕೊಳ್ಳುವುದರಲ್ಲಿದೆ. ಹಾಗಿದ್ದರೆ ತೆರಿಗೆ ಕದಿಯುವವನು, ಹೆಂಡತಿಗೆ ಹೊಡೆಯುವವನು, ಲಂಚ ತಿಂದು ಸಿಕ್ಕಿಬೀಳದವನು ಯಾರೂ ಸಾಲಿನಲ್ಲಿ ನಿಲ್ಲುವಂತಿಲ್ಲ. ಮತ ಬರುವುದು ಕಾನೂನು ನಮ್ಮನ್ನು ಕಟ್ಟುತ್ತದೆ ಎಂಬ ಕಾರಣದಿಂದ. ಕೈದಿಯಷ್ಟು ಬಿಗಿಯಾಗಿ ಕಾನೂನಿನಿಂದ ಕಟ್ಟಿಸಿಕೊಂಡವನು ಇನ್ನೊಬ್ಬನಿಲ್ಲ: ಅವನು ಏಳುವ ಹೊತ್ತು, ಉಣ್ಣುವ ಅಳತೆ, ಪತ್ರ ಬರೆಯುವ ಸರದಿ, ದುಡಿದದ್ದಕ್ಕೆ ಸಿಗುವ ಕೂಲಿ ಎಲ್ಲವೂ ಶಾಸನಸಭೆ ಮಾಡಿದ ಕಾಯ್ದೆಯಿಂದಲೇ. ಕೆನಡಾದ ಸುಪ್ರೀಂ ಕೋರ್ಟ್ 2002ರ ಸೋವೆ ಪ್ರಕರಣದಲ್ಲಿ ಇದನ್ನೇ ತಿರುಗಿಸಿ ಹೇಳಿತು: ಮತ ಕಿತ್ತುಕೊಂಡರೆ ಕಾನೂನಿಗೆ ಗೌರವ ಕಲಿಸಿದಂತಾಗದು, ಆ ಕಾನೂನಿಗೆ ಅವನ ಮೇಲಿರುವ ನೈತಿಕ ಅಧಿಕಾರವೇ ಸಡಿಲವಾಗುತ್ತದೆ. ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯ 1999ರಲ್ಲೇ ಕೈದಿಗಳ ಮತಕ್ಕೆ ಏರ್ಪಾಡು ಮಾಡುವಂತೆ ಚುನಾವಣಾ ಆಯೋಗಕ್ಕೆ ಆದೇಶಿಸಿತ್ತು. ಆ ದೇಶದ ಅಧ್ಯಕ್ಷ ಆಗ 27 ವರ್ಷ ಸೆರೆಯಲ್ಲಿದ್ದ ಮನುಷ್ಯ. ನಮ್ಮಲ್ಲೇ 2023ರಲ್ಲಿ ಎರ್ನಾಕುಲಂನ ಹೈಕೋರ್ಟ್ ಇಬ್ಬರು ಜೀವಾವಧಿ ಕೈದಿಗಳಿಗೆ ಜೈಲಿನಿಂದಲೇ ಆನ್‌ಲೈನಿನಲ್ಲಿ ಎಲ್‌ಎಲ್‌ಬಿ ಓದಲು ಅನುಮತಿ ಕೊಟ್ಟಿತು. ಕಾನೂನು ಓದಬಹುದು, ಪರೀಕ್ಷೆ ಬರೆಯಬಹುದು. ಆ ಕಾನೂನನ್ನು ಮಾಡುವವನ ಹೆಸರಿನ ಮುಂದೆ ಗುಂಡಿ ಒತ್ತುವಂತಿಲ್ಲ.

ಹಾಗೆಂದು ಯಾವ ಕೈದಿಯ ಮತವನ್ನೂ ಎಂದೂ ಮುಟ್ಟಬಾರದು ಎನ್ನುವಷ್ಟು ದೂರ ನಾನು ಹೋಗುವುದಿಲ್ಲ. ಮತವನ್ನೇ ಮಾರಿದವನು, ಕೊಂಡವನು, ಇನ್ನೊಬ್ಬನ ಹೆಸರಿನಲ್ಲಿ ಮತ ಹಾಕಿದವನು ಕೆಲಕಾಲ ಮತ ಕಳೆದುಕೊಂಡರೆ ಅಲ್ಲಿ ದಂಡಕ್ಕೂ ತಪ್ಪಿಗೂ ಸಂಬಂಧವಿದೆ. ಅಂಥ ಏರ್ಪಾಡು ಅದೇ ಕಾಯ್ದೆಯ 11ಎ ಕಲಂನಲ್ಲಿ ಆಗಲೇ ಇದೆ: ತಪ್ಪು ಸಾಬೀತಾಗಬೇಕು, ಅವಧಿ 6 ವರ್ಷ, ಜೈಲಿನಲ್ಲಿರಲಿ ಹೊರಗಿರಲಿ ಒಂದೇ. ದಂಡ ಹೇಗಿರಬೇಕೆಂಬುದು ಕಾಯ್ದೆ ಬರೆದವರಿಗೆ ಗೊತ್ತಿತ್ತು ಎಂದಾಯಿತು. ಇದನ್ನು 62(5)ರ ಪಕ್ಕದಲ್ಲಿ ಇಟ್ಟರೆ ಅಲ್ಲಿ ಅವಧಿ ನಿರ್ಧರಿಸುವುದು ನ್ಯಾಯಾಧೀಶನೂ ಅಲ್ಲ, ಶಾಸಕನೂ ಅಲ್ಲ, ಪಂಚಾಂಗ. ಹೊರಬಂದ ಮೇಲೆ ಮತ ಮರಳಿ ಸಿಗುತ್ತದಲ್ಲ, ಇದೇನು ದೊಡ್ಡ ನಷ್ಟ ಎನ್ನುವವರು ಇದನ್ನು ನೋಡಬೇಕು. 2021ರ ಏಪ್ರಿಲ್ 6ರಂದು ಕೇರಳದಲ್ಲಿ ವಿಧಾನಸಭೆಗೆ ಮತದಾನ, 2024ರ ಏಪ್ರಿಲ್ 26ರಂದು ಲೋಕಸಭೆಗೆ. ನಡುವಿನ ಮೂರು ವರ್ಷ ಪೂರಾ ಒಳಗಿದ್ದು ಬಂದವನು ಈ ಎರಡರಲ್ಲಿ ಒಂದನ್ನೂ ಕಳೆದುಕೊಳ್ಳುವುದಿಲ್ಲ. ಆ ಏಪ್ರಿಲ್ ಕೊನೆಯ ವಾರ ಮಾತ್ರ ರಿಮಾಂಡಿನಲ್ಲಿದ್ದವನು ಐದು ವರ್ಷದ ಪಾರ್ಲಿಮೆಂಟಿನಲ್ಲಿ ತನ್ನ ಪಾಲು ಕಳೆದುಕೊಳ್ಳುತ್ತಾನೆ. ಯಾವ ತಪ್ಪಿಗೆ ಎಷ್ಟು ಎಂಬ ಅಳತೆಯೇ ಇಲ್ಲದ್ದನ್ನು ದಂಡ ಎಂದು ಹೇಗೆ ಕರೆಯುವುದು?

ದಂಡವೂ ಅಲ್ಲ, ವ್ಯವಸ್ಥೆಯ ಅಡಚಣೆಯೂ ಅಲ್ಲ ಎಂದಾದರೆ ಈ ನಿಷೇಧ ಇಷ್ಟು ಗಟ್ಟಿಯಾಗಿ ನಿಂತಿರುವುದು ಯಾತರ ಮೇಲೆ? ಯುರೋಪಿನ ಮಾನವ ಹಕ್ಕು ನ್ಯಾಯಾಲಯ 2005ರಲ್ಲಿ, ಶಿಕ್ಷೆಯಾದ ಕೈದಿಗಳೆಲ್ಲರ ಮತ ಸಾರಾಸಗಟಾಗಿ ಕಿತ್ತುಕೊಳ್ಳುವುದು ತಪ್ಪೆಂದು ಬ್ರಿಟನ್ನಿಗೆ ಹೇಳಿತು. ಅಲ್ಲಿ ವಿಚಾರಣಾಧೀನರಿಗೆ ಮತ ಇದೆ ಎಂಬುದನ್ನು ನೆನಪಿಡಬೇಕು. ನಮ್ಮದು ಅದಕ್ಕಿಂತ ಕಟು. 2010ರಲ್ಲಿ ಬ್ರಿಟನ್ನಿನ ಪ್ರಧಾನಿ ಡೇವಿಡ್ ಕ್ಯಾಮರಾನ್ ಅಲ್ಲಿನ ಪಾರ್ಲಿಮೆಂಟಿನಲ್ಲಿ ಎದ್ದುನಿಂತು, ಕೈದಿಗೆ ಮತ ಕೊಡುವುದನ್ನು ನೆನೆದರೇ ಮೈಗೆ ಹುಷಾರು ತಪ್ಪುತ್ತದೆ ಎಂಬರ್ಥದ ಮಾತಾಡಿದರು. ನನಗೆ ಆ ಮಾತು ಪ್ರಾಮಾಣಿಕ ಅನ್ನಿಸುತ್ತದೆ. ತರ್ಕ ಮುಗಿದ ಮೇಲೆ ಉಳಿಯುವುದು ವಾಕರಿಕೆಯೇ. ನಮ್ಮ ಮತಪತ್ರವೂ ಅವರ ಮತಪತ್ರವೂ ಒಂದೇ ಪೆಟ್ಟಿಗೆಯಲ್ಲಿ ಬೀಳುವುದೇ? ಒಂದೇ ಬಾವಿಯಿಂದ ನೀರು ಸೇದುವುದೇ ಎಂದು ಕೇಳಿದವರ ದನಿಯೂ ಹೀಗೇ ಇತ್ತು. ಅದಕ್ಕೊಂದು ಹಳೆಯ ಹೆಸರಿದೆ, ಮೈಲಿಗೆ.

ಈ ಮೈಲಿಗೆಯೂ ನಮಗೆ ಬೇಕಾದಲ್ಲಿ ಕಾಣೆಯಾಗುತ್ತದೆ ಎಂಬುದು ತಿರುವನಂತಪುರದ ಪೂಜಪ್ಪುರದಲ್ಲಿ ಗೊತ್ತಾಗುತ್ತದೆ. ಕೈದಿಗಳು ಲಟ್ಟಿಸಿ ಬೇಯಿಸಿದ ಚಪಾತಿಯನ್ನು ಕೇರಳದ ಜೈಲುಗಳು ಕೌಂಟರಿನಲ್ಲಿ ಮಾರುತ್ತವೆ. ಶುರುವಿನಲ್ಲಿ ಒಂದಕ್ಕೆ 2 ರೂಪಾಯಿ. ಜನ ಚೀಲ ಹಿಡಿದು ಸಾಲು ನಿಲ್ಲುತ್ತಾರೆ. 2019ರಲ್ಲಿ ತೃಶ್ಶೂರಿನ ವಿಯ್ಯೂರು ಜೈಲು 127 ರೂಪಾಯಿಗೆ ಬಿರಿಯಾನಿ, ಕೋಳಿಯ ಕಾಲು, ಮೂರು ಚಪಾತಿ, ಕಪ್ ಕೇಕ್, ಉಪ್ಪಿನಕಾಯಿ, ಒಂದು ಲೀಟರ್ ನೀರು, ಕೊನೆಗೆ ಉಣ್ಣಲು ಬಾಳೆಲೆಯನ್ನೂ ಸೇರಿಸಿ ಸ್ವಿಗ್ಗಿಯಲ್ಲಿ ಮನೆ ಬಾಗಿಲಿಗೆ ಕಳಿಸಿತು. ಈ ತಿನಿಸುಗಳಿಗೆ ಇಲಾಖೆ ಇಟ್ಟ ಹೆಸರು ‘ಫ್ರೀಡಂ’. ಅವರ ಕೈಯ ಅನ್ನ ಉಣ್ಣಲು ಅಡ್ಡಿಯಿಲ್ಲ; ಒಂದು ಕಾಲದಲ್ಲಿ ಇದೇ ನಾಡಿನಲ್ಲಿ ಅದಕ್ಕಿಂತ ದೊಡ್ಡ ಮೈಲಿಗೆ ಇರಲಿಲ್ಲ. ಇದೇ ತಿರುವನಂತಪುರದ ಜೈಲಿನಲ್ಲಿ 1940ರ ದಶಕದಲ್ಲಿದ್ದ ವೈಕಂ ಮುಹಮ್ಮದ್ ಬಶೀರ್ ಆ ನೆನಪಿನಿಂದ ‘ಮದಿಲುಗಳ್’ ಬರೆದರು. ಅದರಲ್ಲಿ ಗೋಡೆಯ ಆಚೆಗೆ ಹೆಣ್ಣುಕೈದಿ ಇದ್ದಾಳೆ, ಮುಖ ಎಂದೂ ಕಾಣುವುದಿಲ್ಲ. ತಾನು ಬಂದಿದ್ದೇನೆ ಎಂದು ತಿಳಿಸಲು ಆಕೆ ಒಣ ಕಡ್ಡಿಯೊಂದನ್ನು ಮೇಲಕ್ಕೆ ಎಸೆಯುತ್ತಾಳೆ. ಗೋಡೆಯ ಮೇಲೆ ಕ್ಷಣಕಾಲ ಕಾಣುವ ಆ ಕಡ್ಡಿಯಷ್ಟೇ ಇಲ್ಲಿ ಕೇಳುತ್ತಿರುವುದು.

2013ರ ತಿದ್ದುಪಡಿಯ ದೆಸೆಯಿಂದ ಕೈದಿಯ ಹೆಸರು ಮತದಾರರ ಪಟ್ಟಿಯಲ್ಲಿ ಉಳಿದಿದೆ. ಮತದಾನದ ದಿನ ಪಕ್ಷದ ಏಜೆಂಟರು ಪಟ್ಟಿ ಹರಡಿಕೊಂಡು, ಬಂದವರ ಹೆಸರಿಗೆ ಅಡಿಪಟ್ಟಿ ಇಟ್ಟು ಗೆರೆ ಎಳೆಯುತ್ತಾ ಹೋಗುತ್ತಾರೆ. ಸಂಜೆಯ ಹೊತ್ತಿಗೆ ಗೆರೆ ಬೀಳದೆ ಉಳಿದ ಹೆಸರುಗಳಲ್ಲಿ ಕೆಲವು ಸತ್ತವರವು, ಹಲವು ಕೊಲ್ಲಿಗೆ ಹೋದವರವು, ಒಂದೆರಡು ಕಾಕ್ಕನಾಡಿನಲ್ಲೋ ಪೂಜಪ್ಪುರದಲ್ಲೋ ಇರುವವರವು. ಕೊಲ್ಲಿಯವನನ್ನು ಕರೆತರಲು ವಿಮಾನವನ್ನೇ ಗೊತ್ತುಮಾಡುವ ಪಕ್ಷಗಳು ಕೇರಳದಲ್ಲಿವೆ. ‘ವೋಟ್ ವಿಮಾನ’ ಎಂದೇ ಅದಕ್ಕೆ ಹೆಸರು. ಸತ್ತವನ ಹೆಸರನ್ನು ಮುಂದಿನ ಪರಿಷ್ಕರಣೆಯಲ್ಲಿ ತೆಗೆದುಹಾಕುತ್ತಾರೆ. ಮೂರನೆಯವನ ಹೆಸರನ್ನು ಯಾರೂ ತೆಗೆಯುವುದಿಲ್ಲ, ಕರೆಯುವುದೂ ಇಲ್ಲ. ಕ್ರಮಸಂಖ್ಯೆ, ಮನೆ ನಂಬರು, ತಂದೆಯ ಹೆಸರು ಸಮೇತ ಅದು ಅಲ್ಲೇ ಅಚ್ಚಾಗಿರುತ್ತದೆ.